ಅಪ್ಪಿ ಹಿಡಿದು ಗೆದ್ದವನು

1901ರ ಫೆಬ್ರುವರಿ 25. ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ಬಂದರು ಪಟ್ಟಣ. ಐದೂವರೆ ತಿಂಗಳ ಹಿಂದಷ್ಟೇ ಚಂಡಮಾರುತಕ್ಕೆ ಸಿಕ್ಕಿ ಸಾವಿರಾರು ಜನ ಸತ್ತಿದ್ದ ಊರು ಅದು. ಅಲ್ಲಿನ ಬಾಕ್ಸಿಂಗ್ ರಿಂಗಿನಲ್ಲಿ 22 ವರ್ಷದ ಊರ ಹುಡುಗ ಜ್ಯಾಕ್ ಜಾನ್ಸನ್ ಮೂರನೇ ಸುತ್ತಿಗೇ ನೆಲಕ್ಕೆ ಬಿದ್ದ. ಬೀಳಿಸಿದವನು ಜೋ ಚೊಯಿನ್ಸ್ಕಿ. ವಯಸ್ಸಿನಲ್ಲಿ ಸುಮಾರು ಹತ್ತು ವರ್ಷ ದೊಡ್ಡವನು, ಮೈಕಟ್ಟಿನಲ್ಲಿ ಚಿಕ್ಕವನು. ಬಿದ್ದವನು ಸರಿಯಾಗಿ ಸುಧಾರಿಸಿಕೊಳ್ಳುವ ಮೊದಲೇ ಪೊಲೀಸರು ರಿಂಗ್ ಹತ್ತಿದ್ದರು. ಹಣಕ್ಕಾಗಿ ಬಾಕ್ಸಿಂಗ್ ಆಡುವುದು ಆಗ ಟೆಕ್ಸಾಸ್‌ನಲ್ಲಿ ಅಪರಾಧ. ಗೆದ್ದವನನ್ನೂ ಸೋತವನನ್ನೂ ಒಟ್ಟಿಗೇ ಜೈಲಿಗೆ ಹಾಕಿದರು.

ಇಬ್ಬರೂ ಮೂರು ವಾರಕ್ಕೂ ಹೆಚ್ಚು ಕಾಲ ಒಳಗಿದ್ದರು. ಹೊತ್ತು ಹೋಗಬೇಕಲ್ಲ, ಜೈಲಿನಲ್ಲೇ ಗ್ಲೌಸ್ ಹಾಕಿಕೊಂಡು ಅಭ್ಯಾಸ ಶುರು ಮಾಡಿದರು. ಗೆದ್ದವನು ಮೇಷ್ಟ್ರಾದ, ಸೋತವನು ಶಿಷ್ಯನಾದ. ಇಷ್ಟು ಚುರುಕಾಗಿ ಓಡಾಡಬಲ್ಲ ಮನುಷ್ಯ ಏಟು ತಿನ್ನಬೇಕಾದ ಅಗತ್ಯವೇ ಇಲ್ಲ ಎನ್ನುವುದು ಚೊಯಿನ್ಸ್ಕಿಯ ಲೆಕ್ಕ. ಕಾಲು ಎಲ್ಲಿಡಬೇಕು, ಬರುವ ಮುಷ್ಟಿಯನ್ನು ಹೇಗೆ ತಪ್ಪಿಸಬೇಕು, ತಪ್ಪಿಸಿದ ಮರುಕ್ಷಣ ಏನು ಮಾಡಬೇಕು ಎಂದು ಹೇಳಿಕೊಟ್ಟ. ಏಳು ವರ್ಷಗಳ ನಂತರ ಆ ಶಿಷ್ಯ ವಿಶ್ವದ ಮೊದಲ ಕಪ್ಪು ವರ್ಣೀಯ ಹೆವಿವೇಟ್ ಚಾಂಪಿಯನ್ ಆದ. ಆ ಪಟ್ಟಕ್ಕೆ ಅವನನ್ನು ಏರಿಸಿದ್ದು ಹೊಡೆತಕ್ಕಿಂತ ಹೆಚ್ಚಾಗಿ ಹೊಡೆತ ತಿನ್ನದಿರುವ ವಿದ್ಯೆ. ಅದರಲ್ಲೂ ಮುಖ್ಯವಾಗಿ, ಜನ ಇವತ್ತಿಗೂ ಹೇಡಿತನ ಎಂದು ಮೂಗು ಮುರಿಯುವ ಕ್ಲಿಂಚ್.

ಬಾಕ್ಸಿಂಗ್ ನೋಡದವರಿಗಾಗಿ ಹೇಳುತ್ತೇನೆ. ಎದುರಾಳಿಗೆ ಅಂಟಿಕೊಂಡು, ಅವನ ತೋಳುಗಳನ್ನು ಕಟ್ಟಿಹಾಕಿ, ಹೊಡೆಯಲು ಜಾಗವೇ ಇಲ್ಲದಂತೆ ಮಾಡುವುದೇ ಕ್ಲಿಂಚ್. ನಮ್ಮ ಗರಡಿ ಮನೆಯ ಕುಸ್ತಿಯಲ್ಲಿ ಹಿಡಿತದಿಂದಲೇ ಆಟ ಶುರು. ಬಾಕ್ಸಿಂಗ್‌ನಲ್ಲಿ ಹಿಡಿದರೆ ಆಟ ನಿಲ್ಲುತ್ತದೆ, ರೆಫ್ರಿ ಬಂದು ಬಿಡಿಸುತ್ತಾರೆ, ಟಿವಿ ಮುಂದೆ ಕೂತವರು ಚಾನೆಲ್ ಬದಲಿಸುತ್ತಾರೆ. ನಾನೂ ಬದಲಿಸುತ್ತಿದ್ದೆ.

ನಾನು ಯಲಹಂಕದಲ್ಲಿ ಬಾಕ್ಸಿಂಗ್ ಕಲಿಯಲು ಶುರು ಮಾಡಿ ಒಂದು ವರ್ಷವಾಯಿತು. ಮೆಕ್ಯಾನಿಕಲ್ ಬಿಇ ಓದುತ್ತಾ ಬೆಳಿಗ್ಗೆ ಐದೂವರೆಗೆ ಒಂದು ಶೀಟಿನ ಶೆಡ್‌ಗೆ ಹೋಗುತ್ತೇನೆ. ಎರಡು ಬ್ಯಾಗು, ಹಗ್ಗ ಕಟ್ಟಿದ ಒಂದು ರಿಂಗು, ಅಷ್ಟೇ. ಒಮ್ಮೆ ಆರ್‌.ಟಿ. ನಗರದಿಂದ ಬರುವ, ನನಗಿಂತ ತೂಕದ ಒಬ್ಬ ಹುಡುಗನ ಜೊತೆ ಸ್ಪಾರಿಂಗ್ ಮಾಡುವಾಗ ಅವನ ಎಡಗೈ ಹುಕ್ ಕಪಾಲಕ್ಕೆ ಬಿತ್ತು. ಎರಡು ದಿನ ತಲೆಭಾರ. ಮುಂದಿನ ವಾರವೇ ಇಂಟರ್ನಲ್ಸ್. ಪುಸ್ತಕ ತೆಗೆದರೆ ಸಾಲುಗಳು ತೇಲುತ್ತಿದ್ದವು. ಅಮ್ಮ ಕೂಗಾಡಲಿಲ್ಲ, ಅದೇ ಹೆಚ್ಚು ಭಯವಾಗಿದ್ದು. ಮುಹಮ್ಮದ್ ಅಲಿಗೆ ಕೊನೆಗಾಲದಲ್ಲಿ ಕೈ ನಡುಗುತ್ತಿದ್ದುದು ಅವಳಿಗೆ ಗೊತ್ತು. ನಾಳೆ ಕೆಲಸ ಕೊಡಬೇಕಾದ್ದು ಇದೇ ತಲೆ, ಅದನ್ನು ಅಡವಿಟ್ಟು ಆಡಬೇಡ, ಏಟು ತಿನ್ನದೆ ಆಡುವುದು ಗೊತ್ತಿದ್ದರೆ ಆಡು, ಇಲ್ಲವಾದರೆ ಬಿಟ್ಟುಬಿಡು ಎಂದಳು. ಕೋಚ್ ಸರ್ ಕೆಜಿಎಫ್ ಕಡೆಯವರು, ಮಾತು ಕಡಿಮೆ. ವಿಷಯ ಕೇಳಿ ಮೊದಲು ಪೂರ್ತಿ ವಿಶ್ರಾಂತಿ ಎಂದರು. ಆಮೇಲೆ ಒಂದು ತಿಂಗಳು ಹೊಡೆಯುವುದೇ ಬೇಡ, ಹಿಡಿಯುವುದನ್ನು ಕಲಿ ಎಂದು ಹೇಳಿ, ನೋಡಲು ಒಂದು ಹೆಸರು ಕೊಟ್ಟರು: ಜ್ಯಾಕ್ ಜಾನ್ಸನ್.

ಹೆಬ್ಬಾಳ ಫ್ಲೈಓವರ್ ಮೇಲೆ ಬಸ್ಸು ನಿಂತಾಗಲೆಲ್ಲ ನಾನು ಮೊಬೈಲ್‌ನಲ್ಲಿ ನೋಡಿದ್ದು ನೂರು ವರ್ಷ ದಾಟಿದ ಮೂಕಿ ಚಿತ್ರಗಳನ್ನು. ಅಲ್ಲಲ್ಲಿ ಗೀರು ಬಿದ್ದಿವೆ, ಓಟ ಎಳೆದಾಡುತ್ತದೆ. ಆದರೂ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಎದುರಾಳಿ ನುಗ್ಗಿ ಬರುತ್ತಾನೆ, ಈ ಎತ್ತರದ ಮನುಷ್ಯ ಅವಸರವಿಲ್ಲದೆ ಅಂಗೈ ಚಾಚುತ್ತಾನೆ, ಅಷ್ಟಕ್ಕೇ ಆ ನುಗ್ಗುವಿಕೆ ಸತ್ತುಹೋಗುತ್ತದೆ.

ಜಾನ್ಸನ್ ಹುಟ್ಟಿದ್ದು 1878ರ ಮಾರ್ಚ್ 31ರಂದು. ಅಪ್ಪ, ಅಮ್ಮ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದವರು. ಅಪ್ಪ ಹೆನ್ರಿಗೆ ಕಾಲಿನ ತೊಂದರೆ, ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸ. ಹುಡುಗ ಕೆಲವೇ ವರ್ಷ ಶಾಲೆಗೆ ಹೋಗಿ ಬಂದರಿನಲ್ಲಿ ಕೂಲಿಗೆ ಇಳಿದ. ಆಗ ಬ್ಯಾಟಲ್ ರಾಯಲ್ ಎಂಬ ಹೀನ ಮನರಂಜನೆಯೊಂದಿತ್ತು. ಹಲವಾರು ಕಪ್ಪು ಹುಡುಗರನ್ನು ಒಂದೇ ರಿಂಗಿಗೆ ಬಿಟ್ಟು, ಕೆಲವೊಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ, ಕೊನೆಗೆ ನಿಂತವನಿಗೆ ಬಿಳಿಯರು ಚಿಲ್ಲರೆ ಎಸೆಯುತ್ತಿದ್ದರು. ಜಾನ್ಸನ್ ಅಂಥದ್ದರಿಂದ ಮೇಲೆ ಬಂದವನು. ಸುತ್ತಲೂ ಮುಷ್ಟಿ ಹಾರುವಾಗ ಕೊನೆಯವರೆಗೂ ನಿಲ್ಲಬೇಕಾದರೆ ಏಟು ತಪ್ಪಿಸಿಕೊಳ್ಳುವುದನ್ನು ಕಲಿಯದೆ ವಿಧಿಯಿಲ್ಲ.

ಈಗ ಅವನ ಹಿಡಿತದ ವಿಷಯ. ನನಗೆ ಇದು ಅರ್ಥವಾಗಿದ್ದು ಮೊದಲ ವರ್ಷದ ಮೆಕ್ಯಾನಿಕ್ಸ್ ನೆನೆದಾಗ. ಮುಷ್ಟಿಗೆ ವೇಗ ಬರಬೇಕಾದರೆ ಅದು ಸಾಗಲು ದೂರ ಬೇಕು. ಬಲವಿದ್ದರೂ ದೂರ ಸೊನ್ನೆಯಾದರೆ ಆಗುವ ಕೆಲಸ ಸೊನ್ನೆ. ಆದ್ದರಿಂದ ಹೊಡೆಯುವವನಿಂದ ತಪ್ಪಿಸಿಕೊಳ್ಳಲು ಎರಡೇ ಸುರಕ್ಷಿತ ಜಾಗ: ಅವನ ಕೈಗೆ ಎಟುಕದಷ್ಟು ದೂರ, ಇಲ್ಲವೇ ಅವನ ಎದೆಗೆ ತಾಗುವಷ್ಟು ಹತ್ತಿರ. ನಡುವೆ ನಿಂತವನಿಗೆ ಪೆಟ್ಟು ಗ್ಯಾರಂಟಿ. ಹೆದರಿದಾಗ ಹಿಂದಕ್ಕೆ ಸರಿಯುವುದು ಸಹಜ, ಆದರೆ ಹಿಂದೆ ಹಗ್ಗವಿರುತ್ತದೆ. ಹೆದರಿಕೆಯಾದಾಗ ಮುಂದಕ್ಕೆ ಹೋಗುವುದನ್ನು ಮೈಗೆ ಕಲಿಸುವುದೇ ಕ್ಲಿಂಚ್ ಕಲಿಕೆಯ ಮುಕ್ಕಾಲು ಪಾಲು.

ಸುಮ್ಮನೆ ತಲೆ ಎತ್ತಿಕೊಂಡು ಅಪ್ಪಲು ಹೋದರೆ ಕೆಳಗಿನಿಂದ ಅಪ್ಪರ್‌ಕಟ್ ಗಲ್ಲಕ್ಕೆ ಬೀಳುತ್ತದೆ. ಕೋಚ್ ಸರ್ ಹೇಳಿಕೊಟ್ಟಿದ್ದು ಹೀಗೆ. ಒಳಗೆ ಹೋಗಲು ಟಿಕೆಟ್ ಬೇಕು. ನನ್ನ ಜ್ಯಾಬ್ ಹೊಡೆದು ಅದರ ಬೆನ್ನಿಗೇ ಹೋಗಬೇಕು, ಇಲ್ಲವೇ ಅವನ ಕೈ ಗುರಿ ತಪ್ಪಿ ಇನ್ನೂ ವಾಪಸಾಗುತ್ತಿರುವಾಗ ಹೋಗಬೇಕು. ಗಲ್ಲ ಎದೆಗೆ ಒತ್ತಿರಬೇಕು, ಹಣೆ ಅವನ ಭುಜದ ಪಕ್ಕಕ್ಕೆ ಹೋಗಬೇಕು. ಹಣೆಯೇನಾದರೂ ಅವನ ಮುಖಕ್ಕೆ ತಾಗಿತೋ, ಅದು ತಲೆಯಲ್ಲಿ ಗುದ್ದಿದ ಫೌಲ್. ನನ್ನ ತೋಳು ಅವನ ತೋಳಿನ ಮೇಲಿಂದ ಸುತ್ತಿ, ಮೊಣಕೈಗಿಂತ ಸ್ವಲ್ಪ ಮೇಲೆ ಬಿಗಿದು, ನನ್ನ ಕಂಕುಳಿಗೆ ಎಳೆದುಕೊಳ್ಳಬೇಕು. ಮೊಣಕೈ ಕೆಳಗೆ ಹಿಡಿದರೆ ಅವನು ಕೈ ಎಳೆದುಕೊಂಡುಬಿಡುತ್ತಾನೆ. ಮಂಡಿ ಸ್ವಲ್ಪ ಬಾಗಿರಬೇಕು, ಒಂದು ಪಾದ ಅವನ ಪಾದಗಳ ನಡುವೆ ಇರಬೇಕು. ಆಮೇಲೆ ನನ್ನ ತೂಕವನ್ನು ಅವನ ಮೇಲೆ ಬಿಡಬೇಕು. ಹೊಡೆತ ಹುಟ್ಟುವುದು ತೋಳಿನಲ್ಲಲ್ಲ, ಹಿಂಗಾಲಿನಲ್ಲಿ, ಸೊಂಟ ತಿರುಗುವಾಗ. ಮೈಮೇಲೆ ಭಾರ ಬಿದ್ದವನಿಗೆ ಸೊಂಟ ತಿರುಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಹೊರಬರುವುದು. ರೆಫ್ರಿ ಬಿಡಿಸಿದ ಕ್ಷಣ ಉಸಿರು ಬಿಟ್ಟು ಕೈ ಇಳಿಸಬೇಕು ಎನಿಸುತ್ತದೆ. ಪೆಟ್ಟು ಬೀಳುವುದು ಆಗಲೇ. ಕೈ ಎತ್ತಿಕೊಂಡೇ ಹಿಂದೆ ಹೋಗಬೇಕು, ಆಟ ಮತ್ತೆ ಶುರುವಾದ ಕೂಡಲೇ ಪಕ್ಕಕ್ಕೆ ಸರಿಯಬೇಕು. ನಮ್ಮ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹಿಡಿದುಕೊಂಡೇ ಇರುವುದು ತಪ್ಪು. ಮೊದಲು ತಿಳಿಹೇಳುತ್ತಾರೆ, ಮತ್ತೂ ಮಾಡಿದರೆ ಎಚ್ಚರಿಕೆ ಕೊಟ್ಟು ಅಂಕ ಕಿತ್ತುಕೊಳ್ಳುತ್ತಾರೆ. ಹಾಗಾಗಿ ಕ್ಲಿಂಚ್ ಅನ್ನುವುದು ಎರಡು ಮೂರು ಸೆಕೆಂಡಿನ ಸಾಲ. ತಲೆ ತಿಳಿಯಾಗುವಷ್ಟು ಹೊತ್ತು ಮಾತ್ರ ಸಿಗುತ್ತದೆ.

ಜಾನ್ಸನ್‌ನ ಕಾಲದಲ್ಲಿ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. ಹಿಡಿದಿರುವಾಗಲೂ ಖಾಲಿಯಿರುವ ಕೈಯಿಂದ ಹೊಡೆಯಬಹುದಿತ್ತು. ಗ್ಲೌಸ್ ಚಿಕ್ಕದು, ಬೆರಳು ಬಿಚ್ಚಲು ಬರುತ್ತಿತ್ತು. ಅವನು ಮುಷ್ಟಿಯನ್ನು ತಡೆಯುವ ಗೋಜಿಗೆ ಹೋಗದೆ ಎದುರಾಳಿಯ ತೋಳಿನ ಮೇಲ್ಭಾಗವನ್ನೇ ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ. ನೀರು ನಿಲ್ಲಿಸಲು ಪೈಪಿನ ತುದಿಗೆ ಕೈ ಅಡ್ಡ ಇಡುವುದರ ಬದಲು ವಾಲ್ವನ್ನೇ ತಿರುಗಿಸಿದ ಹಾಗೆ. ಹಿಡಿದಾದ ಮೇಲೆ ಬಲಗೈ ಬಿಡಿಸಿಕೊಂಡು ಒಂದು ಅಪ್ಪರ್‌ಕಟ್. ಮತ್ತೆ ಹಿಡಿತ. ಜೊತೆಗೆ ಎದುರಾಳಿಯ ಭುಜದ ಮೇಲಿಂದ ಮುಂದಿನ ಸಾಲಿನವರ ಜೊತೆ ಹರಟೆ ಬೇರೆ! ಇಂಥದ್ದೇ ಎಚ್ಚರಿಕೆಯ ಆಟವನ್ನು ಬಿಳಿಯ ಚಾಂಪಿಯನ್ ಕಾರ್ಬೆಟ್ ಆಡಿದಾಗ ಪತ್ರಿಕೆಗಳು ವೈಜ್ಞಾನಿಕ ಎಂದು ಹೊಗಳಿದ್ದವು. ಜಾನ್ಸನ್ ಆಡಿದಾಗ ಸೋಮಾರಿ, ಪುಕ್ಕಲ ಎಂದು ಬರೆದವು. ಅವನ ಕಡೆಯಿಂದ ಇನ್ನೊಂದು ಲೆಕ್ಕವೂ ಇದ್ದಿರಬೇಕು ಎನ್ನುವುದು ನನ್ನ ಊಹೆ. ಬಿಳಿಯರನ್ನು ಎರಡೇ ನಿಮಿಷದಲ್ಲಿ ಮಲಗಿಸುವ ಕಪ್ಪು ಬಾಕ್ಸರ್ ಜೊತೆ ಆಡಲು ಮತ್ತೆ ಯಾರು ಬರುತ್ತಾರೆ?

1903ರಲ್ಲೇ ಅವನು ಕಪ್ಪು ವರ್ಣೀಯರ ಹೆವಿವೇಟ್ ಚಾಂಪಿಯನ್. ಹೌದು, ಅವರಿಗೆ ಬೇರೆಯದೇ ಪಟ್ಟ. ವಿಶ್ವ ಚಾಂಪಿಯನ್ ಜಿಮ್ ಜೆಫ್ರೀಸ್ ಅವನ ಜೊತೆ ಪಟ್ಟಕ್ಕಾಗಿ ಆಡಲು ಒಪ್ಪಲೇ ಇಲ್ಲ, 1905ರಲ್ಲಿ ಸೋಲದೆ ನಿವೃತ್ತನಾದ. ನಂತರ ಪಟ್ಟ ಕೆನಡಾದ ಟಾಮಿ ಬರ್ನ್ಸ್ ಕೈಗೆ ಬಂತು. ಬರ್ನ್ಸ್ ಎಲ್ಲಿ ಹೋದರೆ ಜಾನ್ಸನ್ ಅಲ್ಲಿಗೆ ಹೋದ. ಇಂಗ್ಲೆಂಡಿಗೆ, ಅಲ್ಲಿಂದ ಆಸ್ಟ್ರೇಲಿಯಾಕ್ಕೆ. ಕೊನೆಗೆ ಹ್ಯೂ ಮೆಕಿಂಟಾಷ್ ಎಂಬ ಆಯೋಜಕ ಬರ್ನ್ಸ್‌ಗೆ 30,000 ಡಾಲರ್, ಜಾನ್ಸನ್‌ಗೆ 5,000 ಡಾಲರ್ ಎಂದು ಒಪ್ಪಂದ ಮಾಡಿಸಿದ. 1908ರ ಡಿಸೆಂಬರ್ 26, ಸಿಡ್ನಿ. ಆಯೋಜಕನೇ ರೆಫ್ರಿ. ಜಾನ್ಸನ್ ಆರಡಿಯ ಆಳು, ಬರ್ನ್ಸ್ ಐದಡಿ ಏಳಿಂಚು. ಆ ಚಿತ್ರದಲ್ಲಿ ಕ್ಲಿಂಚಿನ ಇನ್ನೊಂದು ಮುಖ ಕಾಣುತ್ತದೆ, ಅದು ನನಗೆ ಅಷ್ಟು ಹಿತವಾಗಲಿಲ್ಲ. ಬರ್ನ್ಸ್ ಕುಸಿಯುವಂತಾದಾಗ ಜಾನ್ಸನ್ ಅಪ್ಪಿ ಎತ್ತಿ ಹಿಡಿಯುತ್ತಾನೆ, ಬೀಳಲು ಬಿಡುವುದಿಲ್ಲ. ವರ್ಷಗಟ್ಟಲೆ ಕಾಯಿಸಿದ್ದಕ್ಕೆ, ಬಾಯಿಗೆ ಬಂದಂತೆ ಬೈದಿದ್ದಕ್ಕೆ ಬಡ್ಡಿ ಸಮೇತ ವಸೂಲಿ. ಕಾಪಾಡಿಕೊಳ್ಳುವ ಪಟ್ಟು ಅಲ್ಲಿ ಹಿಂಸಿಸುವ ಪಟ್ಟಾಗಿತ್ತು. 14ನೇ ಸುತ್ತಿನಲ್ಲಿ ಪೊಲೀಸರು ಪಂದ್ಯ ನಿಲ್ಲಿಸಿದರು, ಕ್ಯಾಮೆರಾವನ್ನೂ ನಿಲ್ಲಿಸಿದರು. ಬಿಳಿಯ ಚಾಂಪಿಯನ್ ಸೋತ ಕೊನೆಯ ಗಳಿಗೆ ಚಿತ್ರದಲ್ಲಿ ಇಲ್ಲ.

ಅಮೆರಿಕದ ಬಿಳಿಯರಿಗೆ ಇದನ್ನು ಸಹಿಸಲಾಗಲಿಲ್ಲ. ಕಾದಂಬರಿಕಾರ ಜ್ಯಾಕ್ ಲಂಡನ್‌ನಂಥವರೇ ಪತ್ರಿಕೆಯಲ್ಲಿ ಬರೆದು, ಜೆಫ್ರೀಸ್ ಮರಳಿ ಬಂದು ಪಟ್ಟ ವಾಪಸ್ ತರಲಿ ಎಂದು ಕರೆದರು. ತೋಟದಲ್ಲಿ ಹಾಯಾಗಿದ್ದ ಜೆಫ್ರೀಸ್ ಸುಮಾರು 45 ಕೆ.ಜಿ. ಇಳಿಸಿ ಬಂದ. 1910ರ ಜುಲೈ 4, ನೆವಾಡಾದ ರೀನೋ ಊರು, ಉರಿಬಿಸಿಲು, ಸುಮಾರು 20,000 ಜನ, 45 ಸುತ್ತಿನ ಪಂದ್ಯ. ಜೆಫ್ರೀಸ್ ಮೊದಲು ಬಾಯ್ಲರ್ ಕಟ್ಟುವ ಕೆಲಸ ಮಾಡಿದವನು. ಬಗ್ಗಿ ಒಳನುಗ್ಗಿ, ಎದುರಾಳಿಯ ಮೇಲೆ ತನ್ನ ಭಾರ ಹೇರಿ ಸುಸ್ತು ಮಾಡುವುದೇ ಅವನ ಆಟ. ಅಂದರೆ ಹತ್ತಿರದ ಜಗಳ ಅವನ ಸ್ವಂತ ಮನೆ. ಜಾನ್ಸನ್ ಅವನನ್ನು ಆ ಮನೆಯಲ್ಲೇ ಸೋಲಿಸಿದ. ಪ್ರತಿ ಕ್ಲಿಂಚಿನಲ್ಲೂ ಜೆಫ್ರೀಸ್‌ನ ತೋಳು ಹಿಡಿದು ಅವನು ಅಂದುಕೊಂಡ ಕಡೆ ಹೋಗದಂತೆ ಮಾಡಿದ. ಜೆಫ್ರೀಸ್‌ನ ಮೂಲೆಯಲ್ಲಿ ನಿಂತು ಬೈಯುತ್ತಿದ್ದ ಅದೇ ಕಾರ್ಬೆಟ್‌ಗೆ ನಗುತ್ತಲೇ ಉತ್ತರ ಕೊಡುತ್ತಿದ್ದ. ಅಲ್ಲಿಯವರೆಗೆ ಒಮ್ಮೆಯೂ ನೆಲಕ್ಕೆ ಬೀಳದ ಜೆಫ್ರೀಸ್ 15ನೇ ಸುತ್ತಿನಲ್ಲಿ ಬಿದ್ದ, ಎದ್ದ, ಮತ್ತೆ ಬಿದ್ದ. ಅವನ ಕಡೆಯವರೇ ಬಂದು ಪಂದ್ಯ ನಿಲ್ಲಿಸಿದರು.

ಆ ರಾತ್ರಿ ಅಮೆರಿಕದ ಹತ್ತಾರು ಊರುಗಳಲ್ಲಿ ಗಲಭೆ. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಪಂದ್ಯದ ಚಿತ್ರವನ್ನು ಹಲವು ಕಡೆ ನಿಷೇಧಿಸಿದರು. 1912ರಲ್ಲಂತೂ ಬಾಕ್ಸಿಂಗ್ ಚಿತ್ರಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದೇ ಅಪರಾಧ ಎಂದು ಕಾನೂನು ಬಂತು. ನಾನು ಬಸ್ಸಿನಲ್ಲಿ ಕೂತು ಪುಕ್ಕಟೆ ನೋಡಿದ್ದು ಅಂಥ ಸರಕು. ಬ್ರಿಟನ್ನಿಗೂ ಭಯವಿತ್ತು. 1911ರಲ್ಲಿ ಲಂಡನ್ನಿನಲ್ಲಿ ಬಿಲ್ಲಿ ವೆಲ್ಸ್ ಜೊತೆ ನಿಗದಿಯಾಗಿದ್ದ ಪಂದ್ಯ ಪಾದ್ರಿಗಳ ವಿರೋಧದಿಂದಲೂ ಗೃಹ ಸಚಿವ ವಿನ್‌ಸ್ಟನ್ ಚರ್ಚಿಲ್ ಮಧ್ಯಪ್ರವೇಶದಿಂದಲೂ ರದ್ದಾಯಿತು. ಈ ವೆಲ್ಸ್ ಬ್ರಿಟಿಷ್ ಫಿರಂಗಿ ಪಡೆಯಲ್ಲಿ ನಮ್ಮ ದೇಶದಲ್ಲಿ ಸೇವೆ ಮಾಡಿ, ಇಲ್ಲೇ ಬಾಕ್ಸರ್ ಆಗಿ ಹೆಸರು ಮಾಡಿದ್ದವನು. ಬಿಳಿಯ ಸೈನಿಕನೊಬ್ಬ ಕಪ್ಪು ಮನುಷ್ಯನ ಕೈಯಲ್ಲಿ ಬೀಳುವುದನ್ನು ವಸಾಹತುಗಳ ಜನ ನೋಡುವುದು ಸಾಮ್ರಾಜ್ಯಕ್ಕೆ ಬೇಕಿರಲಿಲ್ಲ. ವಸಾಹತುಗಳ ಜನ ಎಂದರೆ ನಮ್ಮ ಮುತ್ತಜ್ಜಂದಿರೂ ಸೇರಿ.

ರಿಂಗಿನೊಳಗೆ ಇಷ್ಟು ಎಚ್ಚರದ ಮನುಷ್ಯ ಹೊರಗೆ ಒಂದಿಷ್ಟೂ ಎಚ್ಚರವಿಲ್ಲದೆ ಬದುಕಿದ. ದುಬಾರಿ ಕಾರು, ದುಬಾರಿ ಸೂಟು, ಅತಿವೇಗಕ್ಕೆ ದಂಡದ ಮೇಲೆ ದಂಡ, ಷಿಕಾಗೋದಲ್ಲಿ ಸ್ವಂತ ಕೆಫೆ. ಎಲ್ಲಕ್ಕಿಂತ ಮಿಗಿಲಾಗಿ, ಬಿಳಿಯ ಹೆಂಗಸರನ್ನು ಬಹಿರಂಗವಾಗಿ ಪ್ರೀತಿಸಿ ಮದುವೆಯಾದ. ಅದು ಅವನ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನನ್ನು ಪೂರ್ತಿ ಹೀರೋ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಹೆಂಡತಿ ಎಟಾ ಡುರಿಯೆಯ ಮೇಲೆ ಕೈ ಮಾಡಿದ್ದ. ಖಿನ್ನತೆಯಲ್ಲಿದ್ದ ಆಕೆ 1912ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಇನ್ನೊಂದು, ತನಗೆ ಅವಕಾಶ ಕೊಡದೆ ಸತಾಯಿಸಿದ್ದನ್ನು ಅನುಭವಿಸಿದವನೇ ಚಾಂಪಿಯನ್ ಆದ ಮೇಲೆ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಅತ್ಯುತ್ತಮ ಕಪ್ಪು ಬಾಕ್ಸರ್‌ಗಳಿಗೆ ಪಟ್ಟದ ಪಂದ್ಯ ಕೊಡಲಿಲ್ಲ. ಬಿಳಿಯರ ಜೊತೆ ಆಡಿದರೆ ಹಣ ಹೆಚ್ಚು, ಅಪಾಯ ಕಡಿಮೆ.

1913ರಲ್ಲಿ ಸರ್ಕಾರ ಅವನನ್ನು ಹಿಡಿಯಿತು. ಅನೈತಿಕ ಉದ್ದೇಶಕ್ಕೆ ಹೆಂಗಸರನ್ನು ರಾಜ್ಯದ ಗಡಿ ದಾಟಿಸುವುದರ ವಿರುದ್ಧದ ಮ್ಯಾನ್ ಕಾಯ್ದೆಯಡಿ, ಹಳೆಯ ಗೆಳತಿಯೊಬ್ಬಳ ಸಾಕ್ಷ್ಯ ಇಟ್ಟುಕೊಂಡು, ಬಿಳಿಯರೇ ಇದ್ದ ಜ್ಯೂರಿ ಅವನು ತಪ್ಪಿತಸ್ಥ ಎಂದಿತು. ಒಂದು ವರ್ಷ ಒಂದು ದಿನದ ಶಿಕ್ಷೆ. ಅವನು ಕೆನಡಾ ಮೂಲಕ ಯೂರೋಪಿಗೆ ಪರಾರಿಯಾದ. 1915ರ ಏಪ್ರಿಲ್ 5ರಂದು ಕ್ಯೂಬಾದ ಹವಾನಾದಲ್ಲಿ ಆರೂವರೆ ಅಡಿಯ ಜೆಸ್ ವಿಲ್ಲರ್ಡ್ ಎದುರು 26ನೇ ಸುತ್ತಿನಲ್ಲಿ ಬಿದ್ದ. ಆಗ ಅವನಿಗೆ 37. ನೆಲದ ಮೇಲೆ ಮಲಗಿ ಬಿಸಿಲಿಗೆ ಕೈ ಅಡ್ಡ ಹಿಡಿದಂತೆ ಕಾಣುವ ಫೋಟೊ ಪ್ರಸಿದ್ಧ. ಬೇಕೆಂದೇ ಸೋತೆ ಎಂದು ಅವನು ಮುಂದೆ ಹೇಳಿಕೊಂಡ. ನನಗೆ ನಂಬಿಕೆ ಬರುವುದಿಲ್ಲ. ಬೇಕೆಂದೇ ಸೋಲುವವನು ಆ ಬಿಸಿಲಿನಲ್ಲಿ 26 ಸುತ್ತು ಆಡುತ್ತಾನೆಯೇ?

1920ರಲ್ಲಿ ಮೆಕ್ಸಿಕೊ ಗಡಿಯಲ್ಲಿ ಶರಣಾಗಿ ಕ್ಯಾನ್ಸಸ್‌ನ ಲೆವನ್‌ವರ್ತ್ ಜೈಲಿಗೆ ಹೋದ. 1921ರ ಜುಲೈನಲ್ಲಿ ಬಿಡುಗಡೆ. ಮರುವರ್ಷದ ಏಪ್ರಿಲ್ 18ರಂದು ಅವನ ಹೆಸರಿಗೆ ಅಮೆರಿಕದ ಪೇಟೆಂಟ್ ಒಂದು ಬಂತು, ಸಂಖ್ಯೆ 1413121. ಯಾವುದಕ್ಕೆ ಗೊತ್ತೇ? ಸುಧಾರಿಸಿದ ರೆಂಚ್‌ಗೆ! ನಮ್ಮ ವರ್ಕ್‌ಶಾಪಿನಲ್ಲಿ ನಟ್ಟು ಬೋಲ್ಟು ಹಿಡಿದು ತಿರುಗಿಸುವ ಅದೇ ಉಪಕರಣದ ಬಂಧು. ಅದೇ ವರ್ಷ ವಾಹನ ಕಳ್ಳತನ ತಡೆಯುವ ಸಾಧನಕ್ಕೂ ಪೇಟೆಂಟ್ ಪಡೆದ. ಮಂಕಿ ರೆಂಚ್ ಎಂಬ ಹೆಸರು ಇವನಿಂದಲೇ ಬಂತು ಎನ್ನುವ ಕಥೆಯೊಂದು ಓಡಾಡುತ್ತಿದೆ. ಅದು ಸುಳ್ಳು, ಆ ಹೆಸರು ಇವನಿಗಿಂತ ಹಳೆಯದು. ಜೀವನವಿಡೀ ಗಟ್ಟಿಯಾಗಿ ಹಿಡಿದುಕೊಳ್ಳುವುದರಲ್ಲಿ ಪಳಗಿದವನಿಗೆ ರೆಂಚಿನ ಮೇಲೆ ಕಣ್ಣು ಬಿದ್ದಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣಲಿಲ್ಲ.

ಆಮೇಲಿನ ದಿನಗಳು ಅಷ್ಟು ಚೆನ್ನಾಗಿರಲಿಲ್ಲ. ಪ್ರದರ್ಶನ ಪಂದ್ಯ ಆಡಿದ, ವೇದಿಕೆ ಹತ್ತಿದ, ನ್ಯೂಯಾರ್ಕಿನ 42ನೇ ಬೀದಿಯ ಅಗ್ಗದ ಮ್ಯೂಸಿಯಂ ಒಂದರಲ್ಲಿ ನಿಂತು ಬಂದವರಿಗೆ ಹಳೆಯ ಪಂದ್ಯಗಳ ಕಥೆ ಹೇಳಿದ. ಕಣ್ಣು ಮಾತ್ರ ಚುರುಕಾಗಿತ್ತು. 1936ರಲ್ಲಿ ಯುವಕ ಜೋ ಲೂಯಿಸ್ ಸೋಲಿಲ್ಲದೆ ಮೆರೆಯುತ್ತಿದ್ದಾಗ, ಜ್ಯಾಬ್ ಹೊಡೆದ ಮೇಲೆ ಅವನ ಎಡಗೈ ಕೆಳಗೆ ಜಾರುತ್ತದೆ ಎಂದು ಕಂಡುಹಿಡಿದು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಮೇಲೆ ಬಾಜಿ ಕಟ್ಟಿದ. ಷ್ಮೆಲಿಂಗ್ ಗೆದ್ದ. ಕಪ್ಪು ಜನ ಜಾನ್ಸನ್ ಮೇಲೆ ಸಿಟ್ಟಾದರು. ಲೂಯಿಸ್‌ಗೂ ಅವನ ಮೇಲೆ ಪ್ರೀತಿಯಿರಲು ಕಾರಣವಿರಲಿಲ್ಲ. ಜಾನ್ಸನ್ ಹಾಗೆ ಇರಬೇಡ, ಸೋತ ಬಿಳಿಯನ ಮುಂದೆ ನಗಬೇಡ ಎಂದೆಲ್ಲ ಲೂಯಿಸ್‌ಗೆ ಅವನ ಮ್ಯಾನೇಜರ್‌ಗಳು ನಿಯಮ ಹಾಕಿದ್ದರು. ಹವಾನಾದ ನಂತರ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟಕ್ಕಾಗಿ ಆಡುವ ಅವಕಾಶ ಸಿಗಲು 22 ವರ್ಷ ಬೇಕಾಯಿತು. 1937ರಲ್ಲಿ ಅದು ಸಿಕ್ಕಿದ್ದು ಲೂಯಿಸ್‌ಗೆ.

1946ರ ಜೂನ್ 10. ಉತ್ತರ ಕ್ಯಾರೊಲಿನಾದಲ್ಲಿ ಒಂದು ಹೋಟೆಲಿನವರು ಕಪ್ಪು ವರ್ಣೀಯ ಎಂಬ ಕಾರಣಕ್ಕೆ ಅವನಿಗೆ ಎಲ್ಲರಂತೆ ಕೂರಿಸಿ ಊಟ ಕೊಡಲು ಒಪ್ಪಲಿಲ್ಲ. 68 ವರ್ಷದ ಮಾಜಿ ವಿಶ್ವ ಚಾಂಪಿಯನ್ ಸಿಟ್ಟಿನಿಂದ ಎದ್ದು ಕಾರು ಓಡಿಸಿಕೊಂಡು ಹೊರಟ. ದಾರಿಯಲ್ಲಿ ಕಾರು ಕಂಬಕ್ಕೆ ಗುದ್ದಿತು. ಅಂದೇ ಪ್ರಾಣ ಹೋಯಿತು. ಷಿಕಾಗೋದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಎಟಾಳ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು. 1913ರ ಆ ಶಿಕ್ಷೆಗೆ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ಕೊಟ್ಟಿದ್ದು 2018ರ ಮೇ 24ರಂದು. ಸಹಿ ಬೀಳುವಾಗ ಶ್ವೇತಭವನದಲ್ಲಿ ಅಧ್ಯಕ್ಷರ ಪಕ್ಕ ನಿಂತಿದ್ದವರಲ್ಲಿ ಲೆನಕ್ಸ್ ಲೂಯಿಸ್ ಮತ್ತು ಡಿಯಾಂಟೆ ವೈಲ್ಡರ್ ಕೂಡ ಇದ್ದರು. ಇಬ್ಬರೂ ಕಪ್ಪು ವರ್ಣೀಯರು, ಇಬ್ಬರೂ ಹೆವಿವೇಟ್ ಪಟ್ಟ ಹೊತ್ತವರು.